ಮುಡಿಪು ಬಿಚ್ಚುವುದು ಯಾವಾಗ?

ಮುಡಿಪೆಂದರೆ ಏನೆಂಬುದನ್ನು ಈ ಪುಟದ ಬಹುಮಂದಿ ಓದುಗರಿಗೆ ವಿವರಿಸಬೇಕಾದ್ದಿಲ್ಲ. ಆದರೂ ದೇವರ ಗೂಡಿಲ್ಲದ ಮನೆಗಳಲ್ಲಿ ಬೆಳೆದ ಕಿರಿಯರ ಸಲುವಾಗಿ ಎರಡು ಮಾತು. ಮನೆಯಲ್ಲಿ ಯಾರಿಗಾದರೂ ಕಠಿಣವಾದ ಕಾಯಿಲೆ ಬಂದಾಗ ಹಿರಿಯರು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡೊಂದರಲ್ಲಿ ಒಂದಿಷ್ಟು ಕಾಸು ಕಟ್ಟುತ್ತಾರೆ. ಮನೆದೇವರ ಹೆಸರು ಹೇಳಿ, 'ವಾಸಿಯಾದ ಮೇಲೆ ಸನ್ನಿಧಿಗೆ ಬಂದು ಒಪ್ಪಿಸುತ್ತೇವೆ' ಎಂದು ಬೇಡಿಕೊಂಡು ಆ ಗಂಟನ್ನು ದೇವರ ಮುಂದೆ ಇಡುತ್ತಾರೆ. ಅಂದಿನಿಂದ ಅದು ದೇವರ ಸೊತ್ತು. ಮನೆಯಲ್ಲಿ ಎಷ್ಟೇ ಮುಗ್ಗಟ್ಟು ಬಂದರೂ ಅದಕ್ಕೆ ಕೈ ಹಾಕುವಂತಿಲ್ಲ. ಕಾಯಿಲೆ ವಾಸಿಯಾದ ಮೇಲೆ ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ. ಮೇಲುನೋಟಕ್ಕೆ ಬಹಳ ಸರಳವಾದ ಏರ್ಪಾಡು. ಆದರೆ ಅದರ ಭಾರವೆಲ್ಲ 'ವಾಸಿ' ಎಂಬ ಎರಡಕ್ಷರದ ಮೇಲೆ ನಿಂತಿದೆ. ಆ ಎರಡಕ್ಷರವೇ ಅಲುಗಾಡತೊಡಗಿದರೆ ಭಕ್ತನಾದವನು ಏನು ಮಾಡಬೇಕು?

ನಾನು ಬಲ್ಲ ಒಂದು ಸಂಸಾರಕ್ಕೆ ಈ ಪ್ರಶ್ನೆ ಎದುರಾಯಿತು. ಯಜಮಾನರು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಮನೆಯಲ್ಲಿ ಎಪ್ಪತ್ತೆಂಟರ ತಾಯಿ, ಹೆಂಡತಿ, ಕಾಲೇಜಿನಲ್ಲಿ ಓದುವ ಮಗಳು. ನಲವತ್ತೇಳನೆಯ ವಯಸ್ಸಿನಲ್ಲಿ ಹೆಂಡತಿಗೆ ಎಡಗಡೆಯ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಪರೀಕ್ಷೆಯಾಯಿತು, ಕ್ಯಾನ್ಸರ್ ಎಂದಾಯಿತು, ಆಪರೇಷನ್ ಆಯಿತು; ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕೀಮೋ, ಅದಾದ ಮೇಲೆ ವಾರಕ್ಕೆ ಐದು ದಿನದಂತೆ ಕೆಲವು ವಾರ ವಿಕಿರಣ, ಅದೂ ಮುಗಿದ ಮೇಲೆ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ. ಆಪರೇಷನ್ನಿನ ಹಿಂದಿನ ರಾತ್ರಿ ಅತ್ತೆ ತಿರುಪತಿಯ ವೆಂಕಟರಮಣನಿಗೆ ಮುಡಿಪು ಕಟ್ಟಿದರು. ಕಾಸಿನ ಜೊತೆಗೆ ಸೊಸೆಯ ಮುಡಿಯನ್ನೂ ಒಪ್ಪಿಸುವುದಾಗಿ ಹೇಳಿಕೊಂಡರು. ಎರಡನೆಯ ಸಲದ ಔಷಧ ಮೈಗೆ ಇಳಿಯುವ ಹೊತ್ತಿಗೆ ಸೊಸೆಯ ಕೂದಲೆಲ್ಲ ದಿಂಬಿನ ಮೇಲೆ ಉದುರಿತ್ತು. 'ನಿಮ್ಮ ದೇವರಿಗೆ ಬಹಳ ಅವಸರ ಅತ್ತೆ, ನಾವು ಬೆಟ್ಟ ಹತ್ತುವವರೆಗೂ ಕಾಯಲಿಲ್ಲ' ಎಂದು ಆಕೆ ನಕ್ಕರು. ಅತ್ತೆ ನಗಲಿಲ್ಲ.

ಗಾಯ ಮಾಗಿತು. ಕೈ ಮೇಲಕ್ಕೆತ್ತಲು ಬಾರದಿದ್ದುದು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ದಿನದಿನವೂ ಮೇಲಕ್ಕೆ ನಡೆಸಿ ನಡೆಸಿ, ಸರಿಹೋಯಿತು. ಕಂಕುಳಿನ ಗ್ರಂಥಿ ತೆಗೆದವರಿಗೆ ತೋಳು ಬಾತುಕೊಳ್ಳುವ ಭಯವಿರುತ್ತದೆ. ಅದಕ್ಕಾಗಿ ಆ ಕೈಗೆ ಗಾಯವಾಗದಂತೆ, ಸುಟ್ಟುಕೊಳ್ಳದಂತೆ ಎಚ್ಚರ ವಹಿಸುವುದನ್ನು ಕಲಿತರು. ಅಡಿಗೆಮನೆಯಲ್ಲಿ ಬಾಣಲೆ ಹಿಡಿಯುವ ಕೈ ಬದಲಾಯಿತು. ಮೂರು ತಿಂಗಳಿಗೊಮ್ಮೆ ತಪಾಸಣೆ. ಒಂದು ವರ್ಷ ಕಳೆದ ಮೇಲೆ ಯಜಮಾನರು ಡಾಕ್ಟರನ್ನು ನೇರವಾಗಿಯೇ ಕೇಳಿದರು: 'ವಾಸಿಯಾಯಿತು ಎನ್ನಬಹುದೆ?' ಡಾಕ್ಟರು ಒಳ್ಳೆಯವರು, ಮಾತನ್ನು ತೂಗಿ ಆಡುವವರು. 'ಈಗ ರೋಗದ ಗುರುತು ಯಾವುದೂ ಕಾಣುತ್ತಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ' ಎಂದರು.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ನಿಂತಿದ್ದರು. 'ಏನಂದರಪ್ಪ?'

ಮಗ ಡಾಕ್ಟರ ಮಾತನ್ನು ಹಾಗೆಯೇ ಒಪ್ಪಿಸಿದರು.

'ಅದು ಸರಿ ಕಣೋ. ವಾಸಿಯಾಯಿತು ಅಂದರೋ ಇಲ್ಲವೋ?'

ಈ ಕಡೆಯ ಪ್ರಶ್ನೆಯನ್ನು ಅಜ್ಞಾನದ ಪ್ರಶ್ನೆಯೆಂದು ತಳ್ಳಿಹಾಕಬಾರದು. ನಮ್ಮ ಹರಕೆಯ ಭಾಷೆ ಹುಟ್ಟಿದ್ದು ಕೊನೆಯುಳ್ಳ ಕಾಯಿಲೆಗಳ ಕಾಲದಲ್ಲಿ. ಸಿಡುಬು ಬರುತ್ತಿತ್ತು, ಜೀವ ಉಳಿದರೆ ಹಕ್ಕಳೆ ಉದುರುತ್ತಿತ್ತು, ಬೇವಿನ ಸೊಪ್ಪು ಹಾಕಿದ ನೀರನ್ನು ಮೈಮೇಲೆ ಹೊಯ್ದ ದಿನ ಕಾಯಿಲೆ ಮುಗಿದಂತೆ. ಅದು ಊರಿಗೆಲ್ಲ ತಿಳಿಯುತ್ತಿತ್ತು, ಅಮ್ಮನ ಗುಡಿಗೆ ತಂಬಿಟ್ಟಿನ ಆರತಿ ಹೋಗುತ್ತಿತ್ತು. ೧೯೭೫ರ ನಂತರ ನಮ್ಮ ದೇಶದಲ್ಲಿ ಸಿಡುಬೇ ಇಲ್ಲ. ವಿಷಮಶೀತ ಜ್ವರಕ್ಕೆ ಇಪ್ಪತ್ತೊಂದು ದಿನದ ಲೆಕ್ಕವಿತ್ತು. ಹೆರಿಗೆಗೆ ಕೊನೆಯುಂಟು, ಮುರಿದ ಕಾಲಿಗೆ ಕೊನೆಯುಂಟು. ಇಂಥ ಸಂಕಟಗಳಲ್ಲಿ 'ವಾಸಿಯಾದ ಮೇಲೆ' ಎಂಬುದು ಖಚಿತವಾದ ಮಾತು. ದೇವರಿಗೂ ಭಕ್ತನಿಗೂ ನಡುವೆ ಗೊಂದಲಕ್ಕೆ ಎಡೆಯಿರಲಿಲ್ಲ. ಇನ್ನು ಕ್ಯಾನ್ಸರಿನ ವಿಷಯದಲ್ಲಿ ಹಿಂದೆ ಬೇರೊಂದು ರೀತಿಯ ಖಚಿತತೆ ಇತ್ತು: ಬಂದರೆ ಹೋದಂತೆಯೇ. ಮುಂಬಯಿಯ ಟಾಟಾ ಆಸ್ಪತ್ರೆ ಪ್ರಾರಂಭವಾದದ್ದು ೧೯೪೧ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿ. ಅಂದರೆ ಈ ರೋಗ ಬಂದು, ಚಿಕಿತ್ಸೆಯಾಗಿ, ಉಳಿದು, ಮನೆಗೆ ಹಿಂದಿರುಗಿ, ವರ್ಷಾನುಗಟ್ಟಲೆ ಅಡಿಗೆ ಮಾಡಿಕೊಂಡು ಕಚೇರಿಗೆ ಹೋಗಿಕೊಂಡು, ಆದರೂ 'ವಾಸಿ' ಎನ್ನಲಾರದೆ ಬದುಕುವ ಜನ ನಮ್ಮ ಸಮಾಜದಲ್ಲಿ ಹೊಸಬರು. ಅವರಿಗೆ ತಕ್ಕ ಹೆಸರು ನಮ್ಮ ಭಾಷೆಯಲ್ಲಿ ಇಲ್ಲ. ರೋಗಿ ಎನ್ನುವಂತಿಲ್ಲ, ನಿರೋಗಿ ಎನ್ನುವಂತೆಯೂ ಇಲ್ಲ.

ಡಾಕ್ಟರು ಆ ಪದವನ್ನು ಆಡದಿರುವುದು ಹಟದಿಂದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅರ್ಬುದದ ಪ್ರಸ್ತಾಪ ಬರುತ್ತದೆ. ಅಲ್ಲಿಯ ಅರ್ಬುದ ಇಂದಿನ ಕ್ಯಾನ್ಸರೇ ಎಂದು ಹೇಳಿ ಬೀಗುವ ಅಭ್ಯಾಸ ನಮ್ಮಲ್ಲಿ ಕೆಲವರಿಗುಂಟು. ನಾನು ಅಷ್ಟು ದೂರ ಹೋಗಲಾರೆ. ಆದರೆ ಶೇಷ ಉಳಿದ ಗಂಟು ಬೇಗನೆ ಮತ್ತೆ ಬೆಳೆಯುತ್ತದೆ, ಆರದೆ ಉಳಿದ ಬೆಂಕಿಯಂತೆ ಕೊಲ್ಲುತ್ತದೆ ಎಂಬ ಅಭಿಪ್ರಾಯವನ್ನು ಆ ಶಸ್ತ್ರವೈದ್ಯನು ಅಲ್ಲಿ ಹೇಳಿದ್ದಾನೆ. ಸಾಲದ ಶೇಷ, ಬೆಂಕಿಯ ಶೇಷ, ಹಗೆಯ ಶೇಷ ಉಳಿಸಬಾರದೆಂದು ನಮ್ಮ ಅಜ್ಜಂದಿರೂ ಹೇಳುತ್ತಿದ್ದರು. ತೊಂದರೆಯೆಂದರೆ ಈ ಶೇಷ ಕಣ್ಣಿಗೆ ಕಾಣುವುದಿಲ್ಲ. ಐದು ವರ್ಷ ಕಳೆದರೆ ಗಂಡಾಂತರ ತಪ್ಪಿತೆಂದು ಜನ ತಿಳಿಯುತ್ತಾರೆ; ಕೆಲವು ಕ್ಯಾನ್ಸರುಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ೨೦೧೭ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ೮೮ ಪ್ರಯೋಗಗಳಿಂದ, ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನದ ಕ್ಯಾನ್ಸರ್ ಇದ್ದು ಐದು ವರ್ಷದ ಮಾತ್ರೆ ಮುಗಿಸಿ ರೋಗವಿಲ್ಲದೆ ಇದ್ದ ೬೨,೯೨೩ ಮಹಿಳೆಯರ ವಿವರ ಕೂಡಿಸಿ ನೋಡಿದ್ದರು. ಐದನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗೂ ರೋಗ ಮರುಕಳಿಸುವುದು ಒಂದೇ ಸಮನೆ ನಡೆದಿತ್ತು. ಎಲ್ಲರಿಗೂ ಅಲ್ಲ, ಹೆಚ್ಚು ಮಂದಿಗೂ ಅಲ್ಲ. ಆದರೆ ಇಂಥ ದಿನದಿಂದ ಯಾರಿಗೂ ಇಲ್ಲ ಎಂದು ಗೆರೆ ಎಳೆಯಲು ಬರುವಂತಿರಲಿಲ್ಲ. ಇದನ್ನು ತಿಳಿದ ಡಾಕ್ಟರು 'ವಾಸಿ' ಎಂಬ ಪದವನ್ನು ನುಂಗಿಕೊಂಡರೆ ಅದು ಅವರ ಸತ್ಯನಿಷ್ಠೆ. ಆದರೆ ಡಾಕ್ಟರ ಸತ್ಯನಿಷ್ಠೆಯಿಂದಾಗಿ ಮುದುಕಿಯ ಹರಕೆ ಅಂತರದಲ್ಲಿ ನಿಂತಿತಲ್ಲ!

ಮನೆಯಲ್ಲಿ ಮೂರು ಅಭಿಪ್ರಾಯ ಹುಟ್ಟಿದವು. ಯಜಮಾನರದು ವಿಮಾ ಕಚೇರಿಯ ಬುದ್ಧಿ: ಷರತ್ತು ಪೂರ್ತಿಯಾಗುವವರೆಗೆ ಹಣ ಸಲ್ಲುವುದಿಲ್ಲ. ಐದು ವರ್ಷ ಆಗಲಿ, ಆಮೇಲೆ ಹೋಗೋಣ. ಈಗಲೇ ಹೋಗಿ ಒಪ್ಪಿಸಿ ಬಂದು, ನಾಳೆ ಏನಾದರೂ ಆದರೆ? ಈ 'ನಾಳೆ ಏನಾದರೂ ಆದರೆ' ಎಂಬುದರಲ್ಲಿ ಕಚೇರಿಯ ಬುದ್ಧಿಗಿಂತ ಭಯವೇ ಹೆಚ್ಚು. ಮುಡಿಪು ಗೂಡಿನಲ್ಲಿ ಇರುವವರೆಗೆ ದೇವರಿಗೂ ಈ ಮನೆಗೂ ಒಂದು ಲೇವಾದೇವಿ ಬಾಕಿ ಇದೆ. ಬಾಕಿ ಇರುವವರೆಗೆ ದೇವರು ಕೈ ಬಿಡಲಾರ. ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನ ತಳದಲ್ಲಿದ್ದ ತರ್ಕ ಇದು. ತಾಯಿಯ ವಾದ ಇದಕ್ಕೆ ವಿರುದ್ಧ: ಸೊಸೆ ಎದ್ದು ಓಡಾಡುತ್ತಿದ್ದಾಳೆ, ಅನ್ನ ಬೇಯಿಸುತ್ತಿದ್ದಾಳೆ, ಇದಕ್ಕಿಂತ ವಾಸಿ ಎಂದರೆ ಇನ್ನೇನು? ಕೊಟ್ಟ ಮಾತನ್ನು ತಡಮಾಡಿದರೆ ಸ್ವಾಮಿ ಬಡ್ಡಿ ಸಮೇತ ವಸೂಲು ಮಾಡುತ್ತಾನೆ, ಅವನು ಬಡ್ಡಿಕಾಸಿನವನು. ಮೂರನೆಯದು ಮಗಳದು. ವಿಜ್ಞಾನ ಓದುವ ಹುಡುಗಿ. ಆಪರೇಷನ್ ಮಾಡಿದವರು ಡಾಕ್ಟರು, ಹಣ ತಿರುಪತಿಗೇಕೆ, ದುಡ್ಡಿಲ್ಲದೆ ನಡುವೆಯೇ ಔಷಧ ಬಿಡುವ ಯಾವುದಾದರೂ ರೋಗಿಗೆ ಕೊಡಿ ಎಂದಳು.

ಮಗಳ ಮಾತಿಗೆ ನಮ್ಮ ವಿದ್ಯಾವಂತರ ಬೆಂಬಲ ಸುಲಭವಾಗಿ ದೊರೆಯುತ್ತದೆ, ದೊರೆಯತಕ್ಕದ್ದೇ. ಪ್ರಾರ್ಥನೆಗೆ ಫಲವುಂಟೆ ಎಂಬುದನ್ನು ಲೆಕ್ಕ ಹಾಕಿ ನೋಡುವ ಪ್ರಯತ್ನ ಹೊಸದೇನಲ್ಲ. ೧೮೭೨ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಲೇಖನ ಬರೆದ. ರಾಜನ ದೀರ್ಘಾಯುಸ್ಸಿಗಾಗಿ ದೇಶದ ಇಗರ್ಜಿಗಳಲ್ಲೆಲ್ಲ ವಾರವಾರವೂ ಪ್ರಾರ್ಥನೆ ನಡೆಯುತ್ತದೆ. ಹಾಗಾದರೆ ರಾಜರು ಉಳಿದ ಅನುಕೂಲಸ್ಥರಿಗಿಂತ ಹೆಚ್ಚು ಕಾಲ ಬದುಕಬೇಕಲ್ಲ? ಲೆಕ್ಕ ನೋಡಿದರೆ ರಾಜರೇ ಎಲ್ಲರಿಗಿಂತ ಅಲ್ಪಾಯುಗಳು! ೨೦೦೬ರಲ್ಲಿ ಅಮೆರಿಕದ ಹರ್ಬರ್ಟ್ ಬೆನ್ಸನ್ ಮತ್ತು ಅವರ ಸಂಗಡಿಗರು ಇನ್ನೂ ಕಟ್ಟುನಿಟ್ಟಾದ ಪ್ರಯೋಗವೊಂದರ ಫಲಿತಾಂಶ ಪ್ರಕಟಿಸಿದರು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ ೧,೮೦೨ ರೋಗಿಗಳು. ಅವರಲ್ಲಿ ಒಂದು ಗುಂಪಿಗೆ ದೂರದ ಭಕ್ತಮಂಡಲಿಗಳವರು ಪ್ರಾರ್ಥನೆ ಸಲ್ಲಿಸಿದರು, ಇನ್ನೊಂದು ಗುಂಪಿಗೆ ಸಲ್ಲಿಸಲಿಲ್ಲ. ಯಾರು ಯಾವ ಗುಂಪಿನವರೆಂದು ರೋಗಿಗಳಿಗೆ ತಿಳಿಸಲಿಲ್ಲ. ಮೊದಲ ಗುಂಪಿನಲ್ಲಿ ನೂರಕ್ಕೆ ೫೨ ಮಂದಿಗೆ, ಎರಡನೆಯದರಲ್ಲಿ ೫೧ ಮಂದಿಗೆ ಶಸ್ತ್ರಚಿಕಿತ್ಸೆಯ ಅನಂತರ ತೊಡಕುಗಳು ಕಾಣಿಸಿಕೊಂಡವು. ಎಂದರೆ ವ್ಯತ್ಯಾಸವಿಲ್ಲ. ಮೂರನೆಯ ಗುಂಪೊಂದಿತ್ತು, ನಿಮಗಾಗಿ ಪ್ರಾರ್ಥನೆ ಖಂಡಿತ ನಡೆಯುತ್ತದೆ ಎಂದು ಅವರಿಗೆ ಮೊದಲೇ ಹೇಳಿದ್ದರು. ಅವರಲ್ಲಿ ನೂರಕ್ಕೆ ೫೯ ಮಂದಿಗೆ ತೊಡಕಾಯಿತು.

ಈ ಕಡೆಯ ಅಂಕಿಯನ್ನು ಹಿಡಿದು ನಗುವವರು ನಗಲಿ. ನನಗೆ ಅದರಲ್ಲಿ ಬೇರೊಂದು ಅರ್ಥ ಕಾಣುತ್ತದೆ. 'ನನಗಾಗಿ ಪ್ರಾರ್ಥನೆಯ ಗುಂಪನ್ನೇ ಕೂಡಿಸಿದ್ದಾರೆ ಎಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿತೆ?' ಎಂದು ಆ ರೋಗಿಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಪ್ರಯೋಗ ನಡೆಸಿದವರಿಗೂ ಇಂಥ ಅನುಮಾನ ಬಂದಿತ್ತು. ನಮ್ಮ ಕಡೆ ರೋಗಿಯನ್ನು ನೋಡಲು ಬರುವ ನೆಂಟರು, ಹಣ್ಣಿನ ಬುಟ್ಟಿಯನ್ನು ಕೆಳಗಿಡುತ್ತಲೇ, 'ನಿಮಗೋಸ್ಕರ ಮೃತ್ಯುಂಜಯ ಜಪ ಮಾಡಿಸುತ್ತಿದ್ದೇವೆ' ಎಂದು ಗದ್ಗದ ಕಂಠದಿಂದ ಹೇಳುವುದನ್ನು ಕಂಡವರಿಗೆ ಆ ೫೯ರ ರಹಸ್ಯ ಅಮೆರಿಕಕ್ಕೆ ಹೋಗದೆಯೇ ಹೊಳೆಯುತ್ತದೆ. ಅದು ಹಾಗಿರಲಿ. ಆ ಪ್ರಯೋಗದಲ್ಲಿ ಪ್ರಾರ್ಥಿಸಿದವರು ಯಾರು? ರೋಗಿಯ ಮುಖ ಕಾಣದವರು. ಹೆಸರು ಮತ್ತು ಒಂದಕ್ಷರ ಬಿಟ್ಟರೆ ಬೇರೇನೂ ತಿಳಿಯದವರು. ಹದಿನಾಲ್ಕು ದಿನ ಪ್ರಾರ್ಥಿಸಿ ಮುಗಿಸಿದವರು. ಅವರ ಪ್ರಾರ್ಥನೆಯಿಂದ ಶಸ್ತ್ರಚಿಕಿತ್ಸೆಯ ಫಲ ಬದಲಾಗಲಿಲ್ಲ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅತ್ತೆಯ ಮುಡಿಪು ಆ ಜಾತಿಯದಲ್ಲ. ಮುಡಿಪು ಕಟ್ಟಿದ ಆ ಕೈಯೇ ಕೀಮೋ ಆದ ರಾತ್ರಿಗಳಲ್ಲಿ ವಾಂತಿಯ ಬೋಗುಣಿ ಹಿಡಿದಿತ್ತು, ರುಚಿ ಸತ್ತ ನಾಲಗೆಗೆ ಹಿಡಿಸುವಂತೆ ನಿಂಬೆಹಣ್ಣಿನ ಸಾರು ಮಾಡಿತ್ತು, ಚರ್ಮ ಕಪ್ಪಾದ ಕಡೆ ಬಟ್ಟೆ ಉಜ್ಜದಂತೆ ಹಳೆಯ ಪಂಚೆಯನ್ನು ಹರಿದು ಹೊಲಿದುಕೊಟ್ಟಿತ್ತು. ಇದನ್ನು ಅದರಿಂದ ಬೇರ್ಪಡಿಸಿ, ಹರಕೆಯನ್ನು ಮಾತ್ರ ತಕ್ಕಡಿಗೆ ಹಾಕಿ ತೂಗುವುದು ಹೇಗೆಂದು ನನಗೆ ತಿಳಿಯದು.

ಹಾಗೆಂದು ನಂಬಿಕೆಯೆಲ್ಲ ನಿರಪಾಯವೆಂದು ನಾನು ವಾದಿಸುತ್ತಿಲ್ಲ. ನಂಬಿಕೆಯ ಹೆಸರಿನಲ್ಲಿ ಟ್ಯಾಮಾಕ್ಸಿಫೆನ್ ನಿಲ್ಲಿಸಿ ಯಾವುದೋ ಬೇರಿನ ಕಷಾಯಕ್ಕೆ ಇಳಿದವರುಂಟು. 'ದೇವರೇ ವಾಸಿ ಮಾಡಿದ ಮೇಲೆ ಡಾಕ್ಟರ ಹತ್ತಿರ ಹೋದರೆ ಅಪನಂಬಿಕೆಯಾಗುತ್ತದೆ' ಎಂದು ತಪಾಸಣೆ ಬಿಟ್ಟವರುಂಟು. ಈ ಮಾತಿನಲ್ಲಿ ಭಕ್ತಿಯ ಲೇಶವೂ ಇಲ್ಲ. ಇರುವುದು ದೇವರನ್ನೇ ಪರೀಕ್ಷೆಗೆ ಕೂರಿಸುವ ಉದ್ಧಟತನ. ಆ ಮಾತ್ರೆಯನ್ನು ಐದು ವರ್ಷಕ್ಕೆ ನಿಲ್ಲಿಸುವುದಕ್ಕಿಂತ ಹತ್ತು ವರ್ಷ ಮುಂದುವರಿಸಿದರೆ ಇನ್ನೂ ಹೆಚ್ಚು ಪ್ರಯೋಜನವೆಂದು ೨೦೧೨ರ ಕೊನೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಹತ್ತು ವರ್ಷ ಪ್ರತಿನಿತ್ಯ ತಪ್ಪದೆ ಒಂದು ಮಾತ್ರೆ! ನಿತ್ಯಕರ್ಮ ಎಂಬ ನಮ್ಮ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಸಂಧ್ಯಾವಂದನೆಯನ್ನು ಫಲ ಕಾಣದಿದ್ದರೂ ಬಿಡದವರ ಮೊಮ್ಮಕ್ಕಳು ಮಾತ್ರೆಯನ್ನು ಮಾತ್ರ 'ಏನೂ ನೋವಿಲ್ಲವಲ್ಲ' ಎಂದು ಬಿಡುತ್ತಾರೆ.

ಇದಕ್ಕೆ ವಿರುದ್ಧವಾದ ಮೂಢತನವೂ ಒಂದಿದೆ. ಅದರ ಬಗ್ಗೆ ನಮ್ಮ ವಿಚಾರವಾದಿಗಳು ಮಾತಾಡುವುದು ಕಡಮೆ. ಪರೀಕ್ಷೆಗಳನ್ನೇ ತೀರ್ಥಯಾತ್ರೆಯಂತೆ ಮಾಡುವವರಿದ್ದಾರೆ. ಈ ತಿಂಗಳು ರಕ್ತ, ಮುಂದಿನ ತಿಂಗಳು ಸ್ಕ್ಯಾನು, ಒಂದೂರಿನಲ್ಲಿ ಸರಿಯೆಂದರೆ ಇನ್ನೊಂದೂರಿನಲ್ಲಿ ಮತ್ತೊಮ್ಮೆ. ಸ್ತನದ ಕ್ಯಾನ್ಸರಿನ ಚಿಕಿತ್ಸೆ ಮುಗಿದು ಯಾವ ತೊಂದರೆಯೂ ಇಲ್ಲದವರಿಗೆ ಹೀಗೆ ಮೂಳೆ, ಶ್ವಾಸಕೋಶ, ಯಕೃತ್ತುಗಳನ್ನು ಮೇಲಿಂದ ಮೇಲೆ ಚಿತ್ರ ತೆಗೆಸುವುದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ಇಟಲಿಯ ಎರಡು ಅಧ್ಯಯನಗಳು ೧೯೯೪ರಷ್ಟು ಹಿಂದೆಯೇ ತೋರಿಸಿದ್ದವು. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರು ಮಾತಾಡಿಸಿ ಕೈಯಿಂದ ಮುಟ್ಟಿ ನೋಡುವುದು, ಐದನೆಯ ವರ್ಷದವರೆಗೆ ಇನ್ನಷ್ಟು ವಿರಳವಾಗಿ, ಆಮೇಲೆ ವರ್ಷಕ್ಕೊಮ್ಮೆ, ವರ್ಷಕ್ಕೊಂದು ಮ್ಯಾಮೊಗ್ರಾಂ. ಬೇಕಾದ್ದು ಇಷ್ಟೇ. ಹೊಸ ನೋವು, ಹೊಸ ಗಂಟು ಕಂಡರೆ ಮಾತ್ರ ದಿನ ಎಣಿಸದೆ ಕೂಡಲೆ ಹೋಗಬೇಕು. ಇಷ್ಟರಲ್ಲೇ ಇರಬಲ್ಲೆ, ಉಳಿದದ್ದನ್ನು ತಿಳಿಯದೆಯೇ ಬದುಕಬಲ್ಲೆ ಎನ್ನುವುದಕ್ಕೂ ಒಂದು ನಂಬಿಕೆ ಬೇಕು. ಅದನ್ನು ದೇವರ ಮೇಲಿನ ನಂಬಿಕೆ ಎನ್ನಿ, ವಿಜ್ಞಾನದ ಮೇಲಿನದೆನ್ನಿ, ತಪಾಸಣೆಯ ಹಿಂದಿನ ರಾತ್ರಿ ಅದು ಎರಡೂ ಕಡೆ ಒಂದೇ ರೀತಿ ಅಲುಗಾಡುತ್ತದೆ.

ನೆಂಟರ ಮಾತು ಬಂತು. ಅವರಲ್ಲಿ ಒಬ್ಬರು ನಡುಮನೆಯಲ್ಲಿ ಕುಳಿತು, 'ಯಾವ ಜನ್ಮದ ಕರ್ಮವೋ' ಎಂದು ನಿಟ್ಟುಸಿರುಬಿಟ್ಟರಂತೆ. ಒಳಗೆ ಮಲಗಿದ್ದಾಕೆಗೆ ಅದು ಕೇಳಿಸಿತು. ಕರ್ಮಸಿದ್ಧಾಂತವನ್ನು ಖಂಡಿಸುವುದು ನನ್ನ ಉದ್ದೇಶವಲ್ಲ. ತನ್ನ ಸಂಕಟವನ್ನು ತಾನು ಹೊರುವಾಗ, ಇದು ನನ್ನ ಪಾಲಿನದು, ಇದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ ಎಂಬ ಧೈರ್ಯಕ್ಕೆ ಆ ಸಿದ್ಧಾಂತ ಸಾವಿರಾರು ವರ್ಷ ಊರೆಗೋಲಾಗಿದೆ. ಆದರೆ ಆ ಊರೆಗೋಲನ್ನು ತೆಗೆದುಕೊಂಡು ಪಕ್ಕದವನ ಬೆನ್ನಿಗೆ ಬಾರಿಸಬಾರದು. 'ನನ್ನ ಕರ್ಮ' ಎಂಬುದಕ್ಕೂ 'ನಿನ್ನ ಕರ್ಮ' ಎಂಬುದಕ್ಕೂ ಇರುವ ಅಂತರ ವ್ಯಾಕರಣದ್ದಲ್ಲ. ಮೊದಲನೆಯದು ತಾಳ್ಮೆ, ಎರಡನೆಯದು ಕ್ರೌರ್ಯ. ಬೈಬಲಿನ ಯೋಬನ ಕಥೆಯಲ್ಲೂ ಹೀಗೆಯೇ: ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಬಳಿಗೆ ಗೆಳೆಯರು ಬಂದು, ನೀನು ಎಲ್ಲೋ ಪಾಪ ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ತರ್ಕಿಸುತ್ತಾರೆ. ಕಡೆಗೆ ದೇವರ ಕೋಪ ತಿರುಗುವುದು ಗೊಣಗಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ಆ ಕಥೆ ಹೇಳಿದವನು ರೋಗಿಗಳ ಮನೆಯಲ್ಲಿ ಕೂತು ಬಂದವನಿರಬೇಕು.

ಪಾಪದಿಂದಲೇ ಈ ರೋಗ, ಭಕ್ತಿಯಿಂದಲೇ ಇದರ ಪರಿಹಾರ ಎನ್ನುವವರು ಇಬ್ಬರನ್ನು ನೆನೆಯಬೇಕು. ರಾಮಕೃಷ್ಣ ಪರಮಹಂಸರು ೧೮೮೬ರ ಆಗಸ್ಟ್ ೧೬ರಂದು ಕಾಶೀಪುರದ ತೋಟದ ಮನೆಯಲ್ಲಿ ತೀರಿಕೊಂಡದ್ದು ಗಂಟಲಿನ ಕ್ಯಾನ್ಸರಿನಿಂದ. ಅನ್ನ ನುಂಗಲಾರದ ಗುರುವನ್ನು ನೋಡಲಾರದೆ ನರೇಂದ್ರನೇ ಮೊದಲಾದವರು, ತಾಯಿಯನ್ನು ಕೇಳಿಕೊಳ್ಳಿ ಎಂದು ಪೀಡಿಸಿದರು. ಅವರು ಕೇಳಿಯೂ ಕೇಳಿದರಂತೆ. ಇಷ್ಟು ಜನರ ಬಾಯಿಂದ ಉಣ್ಣುತ್ತಿರುವೆಯಲ್ಲ ಎಂಬರ್ಥದ ಉತ್ತರ ಬಂದು, ಕೇಳಿದ್ದಕ್ಕೆ ನಾಚಿಕೆಪಟ್ಟರಂತೆ. ಅವರಿಗೆ ಔಷಧ ಕೊಡುತ್ತಿದ್ದ ಮಹೇಂದ್ರಲಾಲ್ ಸರ್ಕಾರ್ ದೊಡ್ಡ ವಿಜ್ಞಾನಾಭಿಮಾನಿ, ಅವತಾರದ ಮಾತನ್ನು ಒಪ್ಪದವರು. ಆದರೂ ಗಂಟೆಗಟ್ಟಲೆ ಅಲ್ಲಿ ಕುಳಿತುಬಿಡುತ್ತಿದ್ದರು. ರಮಣ ಮಹರ್ಷಿಗಳ ಎಡತೋಳಿನಲ್ಲಿ ಹುಟ್ಟಿದ ಗಂಟಿಗೆ ೧೯೪೯ನೆಯ ಒಂದೇ ವರ್ಷದಲ್ಲಿ ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಯಿತು. ನಾಲ್ಕು ಸಲವೂ ಮರುಕಳಿಸಿತು. ತೋಳನ್ನೇ ತೆಗೆಯಬೇಕೆಂದಾಗ ಅವರು ಒಪ್ಪಲಿಲ್ಲ. ಉಳಿದಂತೆ ಬಂದ ವೈದ್ಯರಿಗೆಲ್ಲ ಭಕ್ತರ ಸಮಾಧಾನಕ್ಕೆಂದು ಕೈ ಒಡ್ಡಿದರು. ೧೯೫೦ರ ಏಪ್ರಿಲ್ ೧೪ರಂದು ದೇಹ ಬಿಟ್ಟರು. ಇವರಿಬ್ಬರಿಗಿಂತ ಹೆಚ್ಚಿನ ಭಕ್ತಿಯನ್ನು ಯಾರಿಂದ ಕೇಳೋಣ? ಇವರ ಬದುಕಿನಲ್ಲಿ ನಂಬಿಕೆ ರೋಗವನ್ನು ಓಡಿಸಲಿಲ್ಲ. ರೋಗವೂ ನಂಬಿಕೆಯನ್ನು ಓಡಿಸಲಿಲ್ಲ. ಒಂದರ ಪಕ್ಕದಲ್ಲಿ ಒಂದು ಇದ್ದವು, ಅಷ್ಟೆ.

ಆದರೆ ನಾವು ಪರಮಹಂಸರಲ್ಲ. ನಮಗೆ ಕೇಳಬೇಕೆನಿಸುತ್ತದೆ, ಹೆದರಿಕೆಯಾಗುತ್ತದೆ, ಲೆಕ್ಕ ಹಾಕುತ್ತೇವೆ. ಹೀಗೆ ಕಷ್ಟದಲ್ಲಿ ಮಾತ್ರ ದೇವರ ಬಾಗಿಲು ಬಡಿಯುವುದು ಕೀಳು ಭಕ್ತಿ ಎಂದು ಹೇಳುವವರು ಬಹುಮಂದಿ. ಗೀತೆ ಅಷ್ಟು ಕಠಿಣವಾಗಿಲ್ಲ. ಏಳನೆಯ ಅಧ್ಯಾಯದಲ್ಲಿ ಭಕ್ತರನ್ನು ನಾಲ್ಕು ಬಗೆಯಾಗಿ ಎಣಿಸುವಾಗ ಆರ್ತನಿಗೂ ಒಂದು ಸ್ಥಾನವಿದೆ, ಅದೂ ಪಟ್ಟಿಯ ಮೊದಲಲ್ಲೇ. ಜ್ಞಾನಿ ತನಗೆ ಹೆಚ್ಚು ಹತ್ತಿರದವನೆಂದು ಶ್ರೀಕೃಷ್ಣನು ಹೇಳಿದರೂ, ನಾಲ್ವರೂ ಉದಾರರೇ ಎಂದು ಸೇರಿಸುತ್ತಾನೆ. ಸಂಕಟದಿಂದ ಬೇಡಿದವನನ್ನು ಉದಾರಿ ಎಂದು ಏಕೆ ಕರೆದ ಎಂಬುದನ್ನು ನಾನು ತರಗತಿಯಲ್ಲಿ ಹಲವು ವರ್ಷ ವಿವರಿಸಿದ್ದೇನೆ. ಈ ಮನೆಯನ್ನು ಕಂಡ ಮೇಲೆ ಅದು ನನಗೆ ಬೇರೆ ರೀತಿ ಕಾಣುತ್ತದೆ. ಹರಕೆ ಹೊರುವವನು ಬೇಡುವುದಷ್ಟೇ ಅಲ್ಲ, ಏನನ್ನೋ ಕೊಡಲು ತೊಡಗಿರುತ್ತಾನೆ. ಏನೂ ಕೈಯಲ್ಲಿಲ್ಲದ ಹೊತ್ತಿನಲ್ಲಿ, ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ, ಮನುಷ್ಯನಿಗೆ ಮಾಡಲು ಏನಾದರೂ ಒಂದು ಕೆಲಸ ಬೇಕು. ಕೊಡುವುದು ಅಂಥ ಒಂದು ಕೆಲಸ.

ಆದರೆ ತನ್ನದನ್ನು ಕೊಡಬೇಕು. ಸೊಸೆಯ ಮುಡಿಯನ್ನು ಅತ್ತೆ ಹೇಗೆ ಕೊಟ್ಟಾರು? ಈ ತೊಡಕನ್ನು ಎತ್ತಿದವಳು ಮೊಮ್ಮಗಳು. 'ಅಜ್ಜಿ, ಅಮ್ಮನ್ನ ಕೇಳಿ ಹರಕೆ ಹೊತ್ತೆಯಾ?' ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿಬಿಟ್ಟಳು. ಅಷ್ಟು ಹೊತ್ತಿಗೆ ಆಕೆಗೆ ಕೂದಲು ಮತ್ತೆ ಬಂದಿತ್ತು. ಮೊದಲು ನೀಳವಾಗಿದ್ದದ್ದು ಈಗ ಗುಂಗುರು ಗುಂಗುರಾಗಿ ಕಿವಿಯ ಕೆಳಗೆ ಇಳಿದಿತ್ತು. ಅತ್ತೆ ಉತ್ತರ ಕೊಡಲಿಲ್ಲವಂತೆ. ಹುಡುಗಿಯ ಪ್ರಶ್ನೆ ಒರಟಾಗಿದ್ದರೂ ನ್ಯಾಯವಾದದ್ದು. ನಮ್ಮ ಮನೆಗಳಲ್ಲಿ ರೋಗಿಯ ಪರವಾಗಿ ಎಲ್ಲರೂ ನಿರ್ಧರಿಸುತ್ತಾರೆ: ಯಾವ ಡಾಕ್ಟರು, ಯಾವ ದೇವರು, ಏನು ತಿನ್ನಬೇಕು, ರೋಗದ ಹೆಸರನ್ನು ಅವರಿಗೆ ಹೇಳಬೇಕೋ ಬೇಡವೋ ಎಂಬುದನ್ನೂ. ಪ್ರೀತಿಯಿಂದಲೇ ಮಾಡುತ್ತಾರೆ. ಮಲಗಿದವರು ಮಾತ್ರ ಮಾತಿಲ್ಲದ ಗೊಂಬೆಯಾಗುತ್ತಾರೆ.

ಈ ಮನೆಯಲ್ಲಿ ಕಡೆಗೆ ಮಾತಾಡಿದ್ದು ಆಕೆಯೇ. ಎರಡನೆಯ ವರ್ಷ ತುಂಬುತ್ತಿದ್ದಾಗ, ಗಂಡನೂ ಅತ್ತೆಯೂ ಮುಡಿಪಿನ ಮಾತೆತ್ತಿ ಮತ್ತೆ ವಾದಕ್ಕೆ ಕುಳಿತಿದ್ದರು. ಆಕೆ ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುತ್ತಿದ್ದವರು, 'ನನಗೆ ವಾಸಿಯಾಯಿತೋ ಇಲ್ಲವೋ ಅಂತ ಡಾಕ್ಟರೂ ಹೇಳುವುದಿಲ್ಲ, ನಿಮ್ಮ ವೆಂಕಟರಮಣನೂ ಹೇಳುವುದಿಲ್ಲ. ಅತ್ತೆಗೆ ಎಂಬತ್ತಾಯಿತು. ಅವರಿಗೆ ಸಾಲಿನಲ್ಲಿ ನಿಲ್ಲುವ ಶಕ್ತಿ ಇರುವಾಗಲೇ ಹೋಗಿಬಂದುಬಿಡೋಣ' ಎಂದರು.

ಇದನ್ನು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಎರಡು ವರ್ಷ ಎಲ್ಲರೂ ಆ ಗಂಟಿನ ಗಡುವನ್ನು ಸೊಸೆಯ ಕಾಯಿಲೆಯಲ್ಲಿ ಹುಡುಕುತ್ತಿದ್ದರು. ಹರಕೆ ಹೊತ್ತವರಿಗೂ ವಯಸ್ಸಾಗುತ್ತದೆಂಬು‍ದು ಹೊಳೆದದ್ದು ಅವರಲ್ಲಿ ಅತ್ಯಂತ ಅನಿಶ್ಚಿತವಾದ ಆಯುಸ್ಸುಳ್ಳವರೆಂದು ಎಲ್ಲರೂ ತಿಳಿದಿದ್ದಾಕೆಗೆ. ಮೂರು ತಿಂಗಳ ಲೆಕ್ಕದಲ್ಲಿ ಬದುಕಿ ಅಭ್ಯಾಸವಾದವರಿಗೆ ಉಳಿದವರ ಆಯುಸ್ಸೂ ಹಾಗೆಯೇ ಕಾಣತೊಡಗುತ್ತದೋ ಏನೋ. ಯಜಮಾನರಿಗೆ ಷರತ್ತಿನ ಮಾತು ಮರೆತುಹೋಯಿತು. ಮಗಳು, ಔಷಧಕ್ಕೆ ದುಡ್ಡಿಲ್ಲದ ಯಾರಿಗಾದರೂ ಬೇರೆಯಾಗಿ ಹಣ ಕೊಡಬೇಕೆಂಬ ತನ್ನ ಮಾತನ್ನು ಬಿಡಲಿಲ್ಲ, ಅದಕ್ಕೂ ಒಪ್ಪಿಗೆಯಾಯಿತು. ಅದು ಯಾವ ಹರಕೆಯ ಲೆಕ್ಕಕ್ಕೂ ಸೇರಲಿಲ್ಲ.

ಬೆಟ್ಟದ ಮೇಲೆ ಕಲ್ಯಾಣಕಟ್ಟೆಗೆ ಹೋದಾಗ ಅತ್ತೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿ, 'ನಿನ್ನದು ಆಗಲೇ ಸಂದಿದೆ ಕಣೆ. ಹರಕೆ ಹೊತ್ತವಳು ನಾನು' ಎಂದು ಹೇಳಿ ತಮ್ಮ ನರೆಗೂದಲನ್ನು ಮೂರು ಕತ್ತರಿ ಕೊಟ್ಟರು. ಎರಡು ವರ್ಷದ ಹಿಂದೆ ತಾವು ನಗದಿದ್ದ ಆ ಮಾತನ್ನು ಆಕೆ ಅಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಆಗಲೇ ಸೊಸೆಗೆ ಗೊತ್ತಾದದ್ದು. ರಾತ್ರಿ ಛತ್ರದಲ್ಲಿ ಮಲಗುವ ಮುನ್ನ ಮಾತ್ರೆ ಡಬ್ಬಿಯನ್ನು ಚೀಲದಿಂದ ತೆಗೆದುಕೊಟ್ಟವರೂ ಅತ್ತೆಯೇ.

ಹಿಂದಿರುಗಿದ ಮುಂದಿನ ವಾರವೇ ತಪಾಸಣೆ ಇತ್ತು. ಯಜಮಾನರು ಹಿಂದಿನ ರಾತ್ರಿ ಎಂದಿನಂತೆ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಆಸ್ಪತ್ರೆಯ ಫೈಲಿನ ಜೊತೆಗೆ ತಾಯಿ ಒಂದು ಕಾಗದದ ಪೊಟ್ಟಣದಲ್ಲಿ ಲಾಡಿನ ಚೂರನ್ನು ಕಟ್ಟಿಕೊಟ್ಟರು. ಡಾಕ್ಟರು ಮುಟ್ಟಿ ನೋಡಿ, ವಿಚಾರಿಸಿ, ಬರೆದುಕೊಂಡು, ಪೊಟ್ಟಣ ಬಿಚ್ಚಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕೈ ಒರೆಸಿಕೊಳ್ಳುತ್ತ, 'ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು' ಎಂದರು.